ಉರಿ ಹಚ್ಚಿದ್ರೆ ತಣ್ಣಗಾಗೋ ಪೆಟ್ಟಿಗೆ

ಹಿಂದೆ ರೈಲಿನ ಸದ್ದು ಕೇಳಿಸಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಯಶವಂತಪುರ ಸ್ಟೇಷನ್ ಹತ್ತಿರದ ನಮ್ಮ ಮನೆಯಿಂದ್ಲೇ ಮಾತಾಡ್ತಿದ್ದೀನಿ.

ಹೋದ ಏಪ್ರಿಲ್‌ನಲ್ಲಿ ಬಾಡಿಗೆ ಕ್ಯಾಂಪರ್ ವ್ಯಾನ್‌ನಲ್ಲಿ ಅಮ್ಮನನ್ನ ಹಂಪಿಗೆ ಕರ್ಕೊಂಡು ಹೊರಟೆ. ವ್ಯಾನ್ ಫ್ರಿಡ್ಜ್ ಓಡುವಾಗ ಬ್ಯಾಟರಿಯಲ್ಲಿ, ನಿಂತಾಗ ಗ್ಯಾಸ್‌ನಲ್ಲಿ ನಡೆಯೋದು. ಅದರೊಳಗೆ ಅಮ್ಮನ ಇನ್ಸುಲಿನ್. ತೆರೆಯದ ಇನ್ಸುಲಿನ್‌ನ 2ರಿಂದ 8 ಡಿಗ್ರಿ ಒಳಗೆ ಇಡಬೇಕು. ಚಿತ್ರದುರ್ಗದಲ್ಲಿ ಬಾಗಿಲು ತೆಗೆದ್ರೆ 17 ಡಿಗ್ರಿ! ಅಮ್ಮ ಏನೂ ಅನ್ನಲಿಲ್ಲ, ಬಾಟಲಿಗಳನ್ನ ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಕೊಂಡ್ರು.

ಈ ಫ್ರಿಡ್ಜ್‌ಗೆ ನೂರು ವರ್ಷ ದಾಟಿದೆ. 1922ರಲ್ಲಿ ಸ್ಟಾಕ್‌ಹೋಮ್‌ನ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಬಾಲ್ಟ್‌ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಮೋಟಾರೇ ಇಲ್ಲದ ಫ್ರಿಡ್ಜ್ ರೂಪಿಸಿದರು. ಶಾಖ ಕೊಟ್ರೆ ನೀರಿನಲ್ಲಿ ಕರಗಿದ ಅಮೋನಿಯಾ ಆವಿಯಾಗಿ ಮೇಲೇರುತ್ತೆ. ಹಿಂದಿನ ಕೊಳವೆಗಳಲ್ಲಿ ಬಿಸಿ ಬಿಟ್ಟುಕೊಟ್ಟು ದ್ರವ ಆಗುತ್ತೆ. ಆಮೇಲೆ ಹೈಡ್ರೋಜನ್ ಇರೋ ಕಡೆ ಬಂದು ಮತ್ತೆ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಬಿಸಿಯನ್ನ ಹೀರಿಕೊಳ್ಳುತ್ತೆ. ಉರಿಯಿಂದ ತಂಪು! ಐನ್‌ಸ್ಟೈನ್ ಕೂಡ ಲಿಯೋ ಜಿಲಾರ್ಡ್ ಜೊತೆ ಸೇರಿ ಇಂಥದ್ದೇ ಒಂದಕ್ಕೆ ಪೇಟೆಂಟ್ ತಗೊಂಡಿದ್ದರು, ಅದು ಮಾರುಕಟ್ಟೆಗೆ ಬರಲಿಲ್ಲ ಬಿಡಿ.

1925ರಲ್ಲಿ ಎಲೆಕ್ಟ್ರೋಲಕ್ಸ್ ಇದನ್ನ ಮಾರೋಕೆ ಶುರು ಮಾಡಿತು. ಆಗ ಹಿಂದಿನ ಕೊಳವೆ ತಣಿಸೋಕೆ ನಲ್ಲಿ ನೀರು ಹರೀತಾ ಇರಬೇಕಿತ್ತು. 1930ರ ದಶಕದ ಆರಂಭದಲ್ಲಿ ನೀರಿನ ಜಾಗಕ್ಕೆ ಗಾಳಿ ಬಂತು. ನಲ್ಲಿ ಬೇಡ, ಕರೆಂಟೂ ಬೇಡ. ಸೀಮೆಎಣ್ಣೆ ದೀಪದಲ್ಲಿ ನಡೆಯೋ ಫ್ರಿಡ್ಜ್‌ಗಳು ಕೊಡಗಿನ ಕಾಫಿ ಎಸ್ಟೇಟ್ ಬಂಗಲೆಗಳಿಗೂ ಬಂದವು. ಲಸಿಕೆ ಕಾಪಾಡಿದ್ದೂ ಇವೇ, ಕರೆಂಟ್ ಇಲ್ಲದ ಎಷ್ಟೋ ಊರುಗಳಲ್ಲಿ. ಆದರೆ ಅಲ್ಲಿಂದ ಫ್ರಿಡ್ಜ್‌ನ ಹಣೆಬರಹ ಅದರ ಬೆನ್ನ ಹಿಂದಿನ ಗಾಳಿಗೆ ಗಂಟುಬಿತ್ತು. ಆ ಗಾಳಿ ಬಿಸಿಯಾದ್ರೆ ಅಮೋನಿಯಾ ದ್ರವ ಆಗೋದೇ ಕಷ್ಟ.

ನಮ್ಮ ವ್ಯಾನ್‌ನಲ್ಲಿ ಆಗಿದ್ದೂ ಅದೇ. ಹೊರಗಿನ ಜಾಲರಿ ತೆಗೆದು ನೋಡಿದ್ರೆ ಯಾರೋ ಒಳಗೆ ಚಾಪೆ ತುರುಕಿದ್ರು. ಜೊತೆಗೆ ಮಧ್ಯಾಹ್ನದ ಬಿಸಿಲು ನೇರ ಆ ಕಡೆಗೇ. ಚಾಪೆ ಕಿತ್ತು, ಹುಣಸೆಮರದ ನೆರಳಿಗೆ ಫ್ರಿಡ್ಜ್ ಇರೋ ಬದಿ ಬರೋಹಾಗೆ ವ್ಯಾನ್ ತಿರುಗಿಸಿದೆ. ಸಮತಟ್ಟು ಜಾಗಾನೇ ಹುಡುಕಿದ್ದೆ. ವ್ಯಾನ್ ವಾಲಿದ್ರೆ ಒಳಗಿನ ದ್ರವ ಸರಿಯಾಗಿ ಹರಿಯಲ್ಲ. ಈ ಫ್ರಿಡ್ಜ್ ಬಲು ನಿಧಾನ, ಸಂಜೆಗೆ 12ಕ್ಕಷ್ಟೇ ಇಳೀತು. ಮರುದಿನ ಬೆಳಗ್ಗೆ ಹಂಪಿಯಲ್ಲಿ 6.

ಊರಿಗೆ ಬಂದ ಮೇಲೆ ಎಸ್.ಪಿ. ರೋಡ್‌ಗೆ ಹೋಗಿ 12 ವೋಲ್ಟಿನ ಎರಡು ಕಂಪ್ಯೂಟರ್ ಫ್ಯಾನ್ ತಂದಿಟ್ಟಿದ್ದೀನಿ. ಮುಂದಿನ ಸಲ ಜಾಲರಿಯ ಒಳಗೆ, ಬಿಸಿ ಗಾಳಿ ಮೇಲಿಂದ ಹೊರಗೆ ತಳ್ಳೋಹಾಗೆ ಕೂರಿಸೋದು. ಅಮ್ಮ ಮಾತ್ರ ಈ ಸಲ ಥರ್ಮಾಸ್ ಫ್ಲಾಸ್ಕ್ ಕೂಡ ತಗೋ ಅಂದಿದ್ದಾರೆ.