ರುಮಾಲು, ದಸ್ತಾರು ಮತ್ತು ರೂಮಿ ಟೋಪಿ

ನಿಜಾಮರ ಕಾಲದ ಹೈದರಾಬಾದಿನಲ್ಲಿ ದರ್ಬಾರಿಗೆ ಹೋಗತಕ್ಕ ಅಧಿಕಾರಿಯು, ಅವನು ಹಿಂದುವಾಗಿರಲಿ ಮುಸಲ್ಮಾನನಾಗಿರಲಿ, ಶೇರವಾನಿಯ ಮೇಲೆ ನಡುವಿಗೆ ಬಗಲೂಸೆಂಬ ಪಟ್ಟಿಯನ್ನು ಬಿಗಿದು ಶಿರಸ್ಸಿನಲ್ಲಿ ದಸ್ತಾರೆಂಬ ಪೇಟವನ್ನು ಧರಿಸಿದ ಹೊರತು ಪ್ರಭುವಿನ ಸಮ್ಮುಖಕ್ಕೆ ಅರ್ಹನೆನಿಸುತ್ತಿರಲಿಲ್ಲ. ಕರವಸ್ತ್ರದ ಮೇಲೆ ಅಶ್ರಫಿಯನ್ನಿಟ್ಟು ನಜರನ್ನೊಪ್ಪಿಸುವಾಗಲೂ, ಬಾಗಿ ಕೈಯನ್ನು ಹಣೆಗೆ ತಂದು ತಸ್ಲೀಮು ಮಾಡುವಾಗಲೂ ಆ ದಸ್ತಾರು ತಲೆಯ ಮೇಲೆಯೇ ಇರತಕ್ಕದ್ದು. ಆಂಗ್ಲರ ಸಂಪ್ರದಾಯವಾದರೋ ಇದಕ್ಕೆ ತೀರ ವಿಪರೀತವಾದದ್ದು. ಅವರಲ್ಲಿ ಮಾನ್ಯರೆದುರು ಟೋಪಿಯನ್ನು ತೆಗೆಯುವುದು ವಿನಯ, ಪಾದರಕ್ಷೆಯನ್ನು ಕಳಚುವುದು ಅವಮಾನ. ಆದರೂ ಬಹುಕಾಲದವರೆಗೆ ಬ್ರಿಟಿಷ್ ರೆಸಿಡೆಂಟರು ಹೈದರಾಬಾದಿನ ಪದ್ಧತಿಗೆ ತಲೆಬಾಗಿ, ಬೂಟುಗಳನ್ನು ಹೊರಗೆ ಬಿಟ್ಟು ನೆಲದ ಹಾಸಿನ ಮೇಲೆಯೇ ಕುಳಿತುಕೊಳ್ಳುತ್ತಿದ್ದರು. 1869ರಲ್ಲಿ ನಿಜಾಮ ಅಫ್ಜಲ್-ಉದ್-ದೌಲನು ಕಾಲವಾಗಿ, ಮೂರು ವರ್ಷವೂ ತುಂಬದ ಮಹಬೂಬ್ ಅಲಿ ಖಾನನಿಗೆ ಪಟ್ಟವಾದಾಗ, ರೆಸಿಡೆಂಟನು ಬೂಟು ಸಹಿತನಾಗಿ ಬಂದು ಕುರ್ಚಿಯ ಮೇಲೆ ಕುಳಿತನು. ಶಿಶುವೊಂದು ಸಿಂಹಾಸನದಲ್ಲಿದ್ದ ಮುಹೂರ್ತವನ್ನೇ ಇದಕ್ಕೆ ಆರಿಸಿಕೊಂಡದ್ದು ನನಗೆ ಎಂದೂ ಸೌಜನ್ಯವಾಗಿ ತೋರಿಲ್ಲ.

ಆ ಸಂಸ್ಥಾನದಲ್ಲಿ ಬೀದರ, ಕಲಬುರ್ಗಿ, ರಾಯಚೂರು ಎಂಬ ಮೂರು ಕನ್ನಡ ಜಿಲ್ಲೆಗಳಿದ್ದುವು. ಅಲ್ಲಿಯ ಒಕ್ಕಲಿಗನಿಗೂ ಗೌಡ ಕುಲಕರ್ಣಿಗಳಿಗೂ ದಸ್ತಾರಿನ ಗೊಡವೆಯಿರಲಿಲ್ಲ. ಅವರದು ದಿನದಿನವೂ ತಾವೇ ಸುತ್ತಿಕೊಳ್ಳುವ ರುಮಾಲು. ಮೈಸೂರಿನವರ ಜರಿಯಂಚಿನ ಪೇಟವು ಅಚ್ಚುಕಟ್ಟಾಗಿ ಹಣೆಯನ್ನಪ್ಪಿ ನಿಂತರೆ, ಈ ರುಮಾಲು ಬಿಸಿಲನ್ನು ತಡೆಯುವ ಕೊಡೆಯೂ ಮಲಗುವಾಗಿನ ತಲೆದಿಂಬೂ ಬುತ್ತಿಯನ್ನು ಕಟ್ಟುವ ಬಟ್ಟೆಯೂ ಆಗಿ ಬಾಳಿತು. ಆದರೆ ಉಪಯೋಗ ಎಷ್ಟೇ ಸಾಮಾನ್ಯವಾಗಿದ್ದರೂ ಅದರ ಮರ್ಯಾದೆ ಸಾಮಾನ್ಯವಾಗಿರಲಿಲ್ಲ. ಹಿರಿಯರು ಚಾವಡಿಗೆ ಬಂದಾಗ ಬರಿತಲೆಯಲ್ಲಿದ್ದವನು ತಡಬಡಿಸಿ ರುಮಾಲು ಸುತ್ತಿಕೊಂಡು ಎದ್ದು ನಿಲ್ಲುವನು. ಸೊಸೆಯು ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುವಳು. ತನ್ನ ರುಮಾಲನ್ನು ತೆಗೆದು ಇನ್ನೊಬ್ಬರ ಪಾದದ ಬಳಿ ಇಡುವುದು ಶರಣಾಗತಿಯ ಕಟ್ಟಕಡೆಯ ಮೆಟ್ಟಿಲು. ಇನ್ನೊಬ್ಬನ ರುಮಾಲನ್ನು ಕೆಡಹುವುದು ತಲೆಮಾರುಗಳ ವೈರಕ್ಕೆ ಬೀಜ. ತಂದೆ ತೀರಿದ ಮನೆಯಲ್ಲಿ ಬರಿತಲೆಯಲ್ಲಿ ಕುಳಿತ ಮಗನಿಗೆ, ಕರ್ಮಾಂತರಗಳು ಮುಗಿದ ಮೇಲೆ ಬಂಧುಗಳು ಹೊಸ ರುಮಾಲನ್ನು ಸುತ್ತುವರು. ಆ ಒಂದು ಬಟ್ಟೆಯಿಂದಲೇ ಅವನು ಶೋಕದಿಂದ ಲೋಕಕ್ಕೂ ಮಗತನದಿಂದ ಯಜಮಾನಿಕೆಗೂ ದಾಟುವನು.

ಬೀದರದ ನಾನಕ್ ಝೀರಾ ಗುರುದ್ವಾರಕ್ಕೂ ಕಲಬುರ್ಗಿಯ ಬಂದೇನವಾಜರ ದರ್ಗಾಕ್ಕೂ ಹೋಗುವವನು ತಲೆಯನ್ನು ಮುಚ್ಚಿಕೊಂಡೇ ಹೋಗುವನು. ಅವನೇ ಉಡುಪಿಯ ಕೃಷ್ಣನೆದುರು ನಿಲ್ಲುವಾಗ ಅಂಗಿಯನ್ನೂ ಕಳಚುವನು. ಮೂರೆಡೆಯಲ್ಲಿಯೂ ಅವನ ಭಕ್ತಿ ಒಂದೇ.

ರೂಮಿ ಟೋಪಿಯ ಚರಿತ್ರೆ ರುಮಾಲಿನದಕ್ಕಿಂತ ವಿಚಿತ್ರವಾದದ್ದು. ತುರ್ಕಿಯ ಸುಲ್ತಾನ ಎರಡನೆಯ ಮಹಮೂದನು 1829ರಲ್ಲಿ ತನ್ನ ಅಧಿಕಾರಿಗಳಿಗೆ ವಿಧಿಸಿದ ಆ ಕೆಂಪು ಟೋಪಿ, ಕಪ್ಪು ಕುಚ್ಚಿನೊಡನೆ ಹೈದರಾಬಾದಿಗೂ ಬಂದು, ಶೇರವಾನಿಯ ಸಂಗಾತಿಯಾಗಿ ಕಚೇರಿಗಳನ್ನೂ ವಿದ್ಯಾಲಯಗಳನ್ನೂ ತುಂಬಿತು. ಮೂರು ಜಿಲ್ಲೆಗಳಿಂದ ರಾಜಧಾನಿಗೆ ಹೋದ ಕನ್ನಡಿಗರಿಗೂ ಈ ವೇಷ ಅಪರಿಚಿತವಾಗಿ ಉಳಿಯಲಿಲ್ಲ. ಅದರೊಡನೆ ಅವರು ‘ಆದಾಬ್’ ಎಂದು ಕೈಯೆತ್ತುವ ನಯವನ್ನೂ ಕಲಿತು, ಊರಿಗೆ ಮರಳಿದಾಗ ‘ಶರಣು’ ಎಂದು ಕೈ ಮುಗಿದರು. 1925ರಲ್ಲಿ ತುರ್ಕಿಯ ಮುಸ್ತಫಾ ಕೆಮಾಲನು ಶಾಸನವನ್ನೇ ಮಾಡಿ ಆ ಟೋಪಿಯನ್ನು ತನ್ನ ದೇಶದಿಂದ ಬಹಿಷ್ಕರಿಸಿದನು. ಆದರೂ ಹೈದರಾಬಾದು ಅದನ್ನು ಬಿಡಲಿಲ್ಲ. 1931ರಲ್ಲಿ ತುರ್ಕಿಯ ಕೊನೆಯ ಖಲೀಫನ ಮಗಳು ದುರ್ರುಶೆಹ್ವಾರ್ ನಿಜಾಮನ ಹಿರಿಯ ಸೊಸೆಯಾದಾಗ, ತವರಿನಲ್ಲಿ ನಿಷಿದ್ಧವಾದ ಟೋಪಿ ಅತ್ತೆಯ ಮನೆಯಲ್ಲಿ ರಾಜಮರ್ಯಾದೆಯಿಂದ ಮೆರೆಯುತ್ತಿತ್ತು. ಐಶ್ವರ್ಯಕ್ಕೆ ಪ್ರಸಿದ್ಧನಾದ ಆ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನೇ ಮಾಸಿದ ರೂಮಿ ಟೋಪಿಯಲ್ಲಿ ಕಾಣಿಸಿಕೊಳ್ಳುತ್ತಿದ್ದನು.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. ಕ್ರಮೇಣ ರೂಮಿ ಟೋಪಿ ಬೀದಿಗಳಿಂದ ಮರೆಯಾಗಿ, ಖಾದಿಯ ಬಿಳಿಯ ಟೋಪಿ ಅದರ ಸ್ಥಾನಕ್ಕೆ ಬಂದಿತು. ದಸ್ತಾರು ಪೆಟ್ಟಿಗೆಗಳನ್ನೂ ವಸ್ತುಸಂಗ್ರಹಾಲಯಗಳನ್ನೂ ಸೇರಿತು. ಕಲಬುರ್ಗಿಯ ಕಡೆ ಮದುವೆಯಲ್ಲಿ ಆಯೇರಿಯೆಂಬ ಉಡುಗೊರೆಯ ಶಾಸ್ತ್ರದಲ್ಲಿ ಮಾತ್ರ, ತಲೆಗೆ ಏನನ್ನೂ ಧರಿಸದೆ ಬಂದ ಅತಿಥಿಯನ್ನೂ ಕರೆದು, ಅವನ ಹಣೆಗೆ ಕುಂಕುಮವನ್ನಿಟ್ಟು, ಹೆಗಲಿಗೆ ಟವೆಲನ್ನು ಹೊದಿಸಿ, ಕೈಗೆ ತೆಂಗಿನಕಾಯಿಯನ್ನಿತ್ತು, ಮನೆಯ ಹಿರಿಯರು ಇಂದಿಗೂ ಅವನ ತಲೆಯ ಮೇಲೊಂದು ಬಿಳಿಯ ಟೋಪಿಯನ್ನಿಡುತ್ತಾರೆ.