ಚುಕ್ಕಾಣಿ ತಪ್ಪಿದ 44 ನಿಮಿಷಗಳು

ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡವು ಎಲ್ಲೆಡೆಗೂ ಸಮನಾಗಿ ಹರಡುವುದೆಂಬ ಪಾಸ್ಕಲನ ನಿಯಮವನ್ನು ನಾವು ಕರಿಹಲಗೆಯ ಮೇಲೆ ಎರಡು ಕೊಳವೆಗಳ ಚಿತ್ರ ಬರೆದು ಬೋಧಿಸಿ ಮುಗಿಸುತ್ತೇವೆ. ದೊಡ್ಡ ವಿಮಾನಗಳ ಮಟ್ಟಿಗೆ ಅದು ಪ್ರಾಣದ ಪ್ರಶ್ನೆ. ರಭಸದಿಂದ ಬಡಿಯುವ ಗಾಳಿಗೆ ಎದುರಾಗಿ ರೆಕ್ಕೆಯ ಅಂಚಿನ ಹಲಗೆಗಳನ್ನೂ ಬಾಲದ ಚುಕ್ಕಾಣಿಯನ್ನೂ ಹೊರಳಿಸಲು ಮನುಷ್ಯನ ತೋಳ್ಬಲ ಸಾಲದು. ಕೊಳವೆಗಳಲ್ಲಿರುವ ದ್ರವದ ಒತ್ತಡವೇ ಆ ಕೆಲಸವನ್ನು ಮಾಡತಕ್ಕದ್ದು. ಇದನ್ನೇ ಹೈಡ್ರಾಲಿಕ್ ವ್ಯವಸ್ಥೆ ಎನ್ನುವರು.

ಒಂದು ವ್ಯವಸ್ಥೆ ಕೆಟ್ಟಿತೆಂದರೆ ಒಬ್ಬ ಚಾಲಕನು ವಿಮಾನವನ್ನು ನಡೆಸುತ್ತಿರುವಾಗ ಇನ್ನೊಬ್ಬನು ಕೈಪಿಡಿಯನ್ನು ತೆರೆದು ಒಂದೊಂದೇ ಕ್ರಮವನ್ನು ಓದಿ ಅನುಸರಿಸುವನು. ಡಿ.ಸಿ.-10 ವಿಮಾನದಲ್ಲಿ ಇಂಥ ಮೂರು ವ್ಯವಸ್ಥೆಗಳಿದ್ದವು. ಮೂರೂ ಒಮ್ಮೆಗೇ ಬರಿದಾಗುವುದು ಅಸಂಭವವೆಂದು ಬಗೆದಿದ್ದರಿಂದ ಅದಕ್ಕೆ ಕೈಪಿಡಿಯಲ್ಲಿ ಉಪಾಯವೇ ಇರಲಿಲ್ಲ.

1989ನೆಯ ಇಸವಿ ಜುಲೈ 19ರಂದು ಯುನೈಟೆಡ್ ಸಂಸ್ಥೆಯ 232ನೆಯ ವಿಮಾನವು 296 ಜನರೊಡನೆ ಅಮೆರಿಕೆಯ ಡೆನ್ವರಿನಿಂದ ಷಿಕಾಗೋ ನಗರಕ್ಕೆ ಹೊರಟಿತ್ತು. ಮಧ್ಯಾಹ್ನ 3 ಗಂಟೆ 16 ನಿಮಿಷಕ್ಕೆ, 37,000 ಅಡಿ ಎತ್ತರದಲ್ಲಿ, ಬಾಲದಲ್ಲಿದ್ದ ಎಂಜಿನಿನ ಟೈಟೇನಿಯಂ ಚಕ್ರವು ಒಡೆಯಿತು. ಮೂರು ವ್ಯವಸ್ಥೆಗಳು ಬೇರೆಬೇರೆಯೆಂಬುದು ನಿಜ. ಆದರೆ ಮೂರರ ಕೊಳವೆಗಳೂ ಆ ಬಾಲದ ಬಳಿಯೇ ಹಾದಿದ್ದವು! ಚೂರುಗಳು ಸಿಡಿದು ದ್ರವವೆಲ್ಲ ಸೋರಿಹೋಯಿತು.

ವಿಮಾನವು ಬಲಕ್ಕೆ ವಾಲತೊಡಗಿತು. ಕ್ಯಾಪ್ಟನ್ ಆಲ್ ಹೇನ್ಸ್ ಎಡ ಎಂಜಿನಿನ ಬಲವನ್ನು ತಗ್ಗಿಸಿ ಬಲಗಡೆಯದನ್ನು ಏರಿಸಲು ರೆಕ್ಕೆ ನಿಧಾನವಾಗಿ ಮೇಲೆದ್ದಿತು. ಉಳಿದದ್ದು ಇದೊಂದೇ ದಾರಿ. ಎಂಜಿನಿಯರ್ ಡಡ್ಲಿ ಡ್ವೊರಾಕ್ ಸಂಸ್ಥೆಯ ದುರಸ್ತಿ ವಿಭಾಗವನ್ನು ರೇಡಿಯೋ ಮೂಲಕ ಕೇಳಿದನು, ಅವರಲ್ಲಿಯೂ ಉತ್ತರವಿರಲಿಲ್ಲ. ಅಷ್ಟರಲ್ಲಿ ಪ್ರಯಾಣಿಕನಾಗಿ ಬಂದಿದ್ದ ಡೆನಿಸ್ ಫಿಚ್ ಎಂಬ ತರಬೇತಿ ಚಾಲಕನು ನೆರವಿಗೆ ಬಂದನು. ಹೇನ್ಸ್ ಸಂಕೋಚಪಡದೆ ಎಂಜಿನುಗಳ ಸನ್ನೆಗಳನ್ನು ಅವನ ಕೈಗಿತ್ತನು. ಫಿಚ್ ಆಸನಗಳ ನಡುವೆ ಮಂಡಿಯೂರಿ, ಏರುತ್ತ ಇಳಿಯುತ್ತ ತೂಗಾಡುತ್ತಿದ್ದ ವಿಮಾನವನ್ನು ಎರಡು ಸನ್ನೆಗಳಿಂದಲೇ ಸಂತೈಸುತ್ತಿದ್ದನು. ಹಿರಿಯ ಅಧಿಕಾರಿಯ ಮಾತಿಗೆ ಎದುರಾಡಬಾರದೆಂಬ ಹಳೆಯ ಪದ್ಧತಿಯನ್ನು ಬಿಟ್ಟು ಎಲ್ಲರ ಮಾತಿಗೂ ಕಿವಿಗೊಡುವ ಶಿಕ್ಷಣವನ್ನು ಯುನೈಟೆಡ್ ಸಂಸ್ಥೆಯು 1980ರ ಸುಮಾರಿಗೆ ಆರಂಭಿಸಿತ್ತು. ಅಂದು ಬದುಕಿದವರು ಬದುಕಿದ್ದು ಆ ಶಿಕ್ಷಣದಿಂದಲೆಂದು ಹೇನ್ಸನೇ ಮುಂದೆ ಹೇಳುತ್ತಿದ್ದನು. ನನಗೆ ಈ ವೃತ್ತಾಂತದಲ್ಲಿ ಎಲ್ಲಕ್ಕಿಂತ ಹಿರಿದಾಗಿ ಕಾಣುವುದು ಇದೇ.

ಸೂ ಸಿಟಿ ಎಂಬ ಊರಿನ ನಿಲ್ದಾಣವನ್ನು ವಿಮಾನವು ಮುಟ್ಟಿದಾಗ ಅದರ ವೇಗ ಗಂಟೆಗೆ ಸುಮಾರು 400 ಕಿಲೋಮೀಟರು. ಕೊನೆಯ ಗಳಿಗೆಯಲ್ಲಿ ಮೂತಿ ಬಾಗಿ, ಬಲರೆಕ್ಕೆ ನೆಲಕ್ಕೆ ತಗುಲಿ, ವಿಮಾನವು ಮುರಿದು ಹೊತ್ತಿಕೊಂಡಿತು. ಇದನ್ನು ಪವಾಡವೆಂದು ಬರೆಯುವುದು ರೂಢಿ. ಆದರೆ 112 ಜನರು ತೀರಿಕೊಂಡರೆಂಬುದನ್ನು ಮರೆಯಲಾಗದು. 184 ಜನರು ಉಳಿದರು, ಆ ನಾಲ್ವರು ವೈಮಾನಿಕರೂ ಸೇರಿ.

ಒಡೆದ ಚಕ್ರವು ಸುಮಾರು 3 ತಿಂಗಳ ಬಳಿಕ, ಸುಗ್ಗಿಯ ಕಾಲದಲ್ಲಿ, ಮೆಕ್ಕೆಜೋಳದ ಹೊಲದಲ್ಲಿ ದೊರೆಯಿತು. ಲೋಹವನ್ನು ಕರಗಿಸಿದಾಗಲೇ ಸೇರಿದ್ದ ಒಂದು ಸಣ್ಣ ದೋಷದಿಂದ ಬಿರುಕು ಬೆಳೆದಿತ್ತು. ಪರೀಕ್ಷಕರ ಕಣ್ಣಿಗೆ ಅದು ಬೀಳಲಿಲ್ಲ. ಆಮೇಲೆ ಡಿ.ಸಿ.-10ರಲ್ಲಿ, ಬಾಲದಲ್ಲಿ ಸೋರಿದರೂ ದ್ರವವೆಲ್ಲ ಹರಿದುಹೋಗದಂತೆ ತಡೆಯನ್ನು ಅಳವಡಿಸಿದರು.

ಕೃತಕ ಯಂತ್ರದಲ್ಲಿ ಅದೇ ಸ್ಥಿತಿಯನ್ನು ಒಡ್ಡಿ ಬೇರೆ ಚಾಲಕರನ್ನು ಪರೀಕ್ಷಿಸಿದ ತನಿಖೆಯ ಮಂಡಲಿಯು, ಇಂಥ ಇಳಿತವನ್ನು ಕಲಿಸಲು ಸಾಧ್ಯವಿಲ್ಲವೆಂದು ಬರೆಯಿತು. ಆದರೂ 2003ರ ನವೆಂಬರ್ 22ರಂದು ಬಾಗ್ದಾದಿನಲ್ಲಿ, ಕ್ಷಿಪಣಿಯ ಪೆಟ್ಟಿನಿಂದ ಮೂರು ವ್ಯವಸ್ಥೆಗಳನ್ನೂ ಕಳೆದುಕೊಂಡ ಸರಕು ವಿಮಾನವೊಂದನ್ನು ಮೂವರು ವೈಮಾನಿಕರು ಎಂಜಿನುಗಳಿಂದಲೇ ನಡೆಸಿ ನೆಲಕ್ಕಿಳಿಸಿದರು. ಮೂವರೂ ಬದುಕಿದರು.