ಡ್ರಾಫ್ಟುಗಳನ್ನೆಲ್ಲ ಬಯಲಿಗಿಟ್ಟವನು

ಎಲೆಕ್ಟ್ರಾನಿಕ್ ಸಂಗೀತ ಅಂದ ಕೂಡಲೇ "ಅಯ್ಯೋ, ಆ ಡಬ್ ಡಬ್ ಸದ್ದಾ?" ಅಂತ ಮೂಗು ಮುರಿಯುವವರು ದಯವಿಟ್ಟು ಹತ್ತು ನಿಮಿಷ ತಾಳ್ಮೆ ತಂದುಕೊಳ್ಳಿ :) ಇದು ಸದ್ದಿನ ಕತೆಗಿಂತ ಹೆಚ್ಚಾಗಿ ಡ್ರಾಫ್ಟುಗಳ ಕತೆ. ಬ್ಲಾಗು ಬರೆಯುವ ನಮಗೆಲ್ಲ ಡ್ರಾಫ್ಟು ಅಂದರೇನು ಅಂತ ಹೇಳಿಕೊಡಬೇಕಾಗಿಲ್ಲವಲ್ಲ.

2015ರ ಜನವರಿ ಕೊನೆಯಲ್ಲಿ ಸೌಂಡ್‌ಕ್ಲೌಡ್ ತಾಣದಲ್ಲಿ ಒಂದು ಅನಾಮಧೇಯ ಖಾತೆ ಕಾಣಿಸಿಕೊಂಡಿತು. ಹೆಸರಿನ ಜಾಗದಲ್ಲಿ 'ಯೂಸರ್48736353001' ಅನ್ನೋ ನಂಬರು ಮಾತ್ರ. ಕೆಲವೇ ದಿನಗಳಲ್ಲಿ ನೂರಕ್ಕೂ ಹೆಚ್ಚು ಟ್ರ್ಯಾಕುಗಳು ಅಲ್ಲಿಗೆ ಬಂದು ಬಿದ್ದವು. ಕೆಲವು ಪೂರ್ತಿ ಆದಂಥವು, ಬಹಳಷ್ಟು ಅರ್ಧಂಬರ್ಧ. ಹಿನ್ನೆಲೆಯಲ್ಲಿ ಕ್ಯಾಸೆಟ್ಟಿನ ಸುಯ್ ಸದ್ದು. ಒಂದೇ ರಾಗಕ್ಕೆ ಎರಡು ಮೂರು ಪಾಠಾಂತರ, ಒಂದರ ಹೆಸರಿನ ಪಕ್ಕದಲ್ಲೇ 'ಇನ್ನೂ ನಿಧಾನ' ಅನ್ನೋ ಅರ್ಥದ ಟಿಪ್ಪಣಿ. ಕೇಳೋದಕ್ಕೆ ಕಾಸು ಬೇಕಿಲ್ಲ. ಇದು ಏಫೆಕ್ಸ್ ಟ್ವಿನ್ ಕೆಲಸವೇ ಅಂತ ಅಭಿಮಾನಿಗಳ ಕಿವಿ ಮೊದಲೇ ಹೇಳಿತ್ತು. ಅವನ ಹಳೇ ಗೆಳೆಯ, ಸ್ವತಃ ಸಂಗೀತಗಾರನಾದ ಲ್ಯೂಕ್ ವೈಬರ್ಟ್ ಕೂಡ ಹೌದು ಅಂದ ಮೇಲೆ ಅನುಮಾನ ಉಳಿಯಲಿಲ್ಲ. ಆಮೇಲೆ ಖಾತೆಯ ಹೆಸರು 'ಯೂಸರ್18081971' ಆಯಿತು. 18-08-1971, ಅವನು ಹುಟ್ಟಿದ ತಾರೀಖು!

ಏಫೆಕ್ಸ್ ಟ್ವಿನ್ ಅನ್ನೋದು ರಿಚರ್ಡ್ ಡಿ. ಜೇಮ್ಸ್ ಇಟ್ಟುಕೊಂಡ ಹೆಸರು. ಹುಟ್ಟಿದ್ದು ಐರ್ಲೆಂಡಿನ ಲಿಮರಿಕ್‌ನಲ್ಲಿ, ಬೆಳೆದದ್ದು ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ. ಅವನ ಮೊದಲ ಆಲ್ಬಮ್ 'ಸೆಲೆಕ್ಟೆಡ್ ಆಂಬಿಯೆಂಟ್ ವರ್ಕ್ಸ್ 85–92' ಹೊರಬಂದದ್ದು 1992ರಲ್ಲಿ. ಹೆಸರಲ್ಲಿರುವ ಇಸವಿಗಳನ್ನು ನಂಬುವುದಾದರೆ ಅದರಲ್ಲಿನ ಕೆಲವು ಟ್ರ್ಯಾಕುಗಳನ್ನು ಮಾಡಿದಾಗ ಹುಡುಗನಿಗೆ ಹದಿನಾಲ್ಕರ ಆಸುಪಾಸು ವಯಸ್ಸು. ಆ ಆಲ್ಬಮ್ಮಿನ ಮೂಲ ಪ್ರತಿಯೇ ಒಂದು ಕ್ಯಾಸೆಟ್ಟು. ಅಂದರೆ ಮನೆಯಲ್ಲಿ ಕ್ಯಾಸೆಟ್ಟು ಪೇರಿಸಿಟ್ಟುಕೊಳ್ಳುವ ಚಟ ಮೊದಲಿನಿಂದಲೂ ಇತ್ತು.

ಈ ಪುಕ್ಕಟೆ ಸಂತರ್ಪಣೆ ಎಷ್ಟು ವಿಚಿತ್ರ ಅಂತ ತಿಳಿಯೋದಕ್ಕೆ ಅದಕ್ಕಿಂತ ಒಂದು ವರ್ಷ ಹಿಂದಕ್ಕೆ ಹೋಗಬೇಕು. 1994ರಲ್ಲಿ ಅವನು 'ಕಾಸ್ಟಿಕ್ ವಿಂಡೋ' ಅನ್ನೋ ಇನ್ನೊಂದು ಹೆಸರಿನಲ್ಲಿ ಒಂದು ಆಲ್ಬಮ್ ತಯಾರು ಮಾಡಿ, ಬಿಡುಗಡೆ ಮಾಡದೆ ಕೈಬಿಟ್ಟಿದ್ದ. ಸಾವಿರಗಟ್ಟಲೆ ಪ್ಲೇಟು ಒತ್ತುವ ಮುಂಚೆ ಸರಿಯಾಗಿದೆಯಾ ನೋಡೋಣ ಅಂತ ನಾಲ್ಕಾರು ಪ್ರತಿ ಒತ್ತುತ್ತಾರಲ್ಲ, ಹಾಗೆ ಒತ್ತಿದ ಬೆರಳೆಣಿಕೆಯ ಪ್ಲೇಟುಗಳು ಮಾತ್ರ ಉಳಿದವು. ಅವುಗಳಲ್ಲಿ ಒಂದು 2014ರಲ್ಲಿ 13,500 ಡಾಲರಿಗೆ ಮಾರಾಟಕ್ಕೆ ಬಂತು. ಒಬ್ಬೊಬ್ಬರಿಂದ ಆಗದ ಮಾತು. ಅಭಿಮಾನಿಗಳು ಕಿಕ್‌ಸ್ಟಾರ್ಟರ್‌ನಲ್ಲಿ ಚಂದಾ ಎತ್ತಿದರು. ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸೇರಿ 67,000 ಡಾಲರಿಗೂ ಮೇಲೆ ಕೂಡಿಸಿದರು. ದುಡ್ಡು ಹಾಕಿದವರಿಗೆಲ್ಲ ಒಂದೊಂದು ಡಿಜಿಟಲ್ ಪ್ರತಿ. ಆಮೇಲೆ ಆ ಪ್ಲೇಟನ್ನು ಹರಾಜಿಗಿಟ್ಟಾಗ 'ಮೈನ್‌ಕ್ರಾಫ್ಟ್' ಆಟದ ಜನಕ ಮಾರ್ಕಸ್ ಪೆರ್ಸನ್ 46,300 ಡಾಲರ್ ಕೊಟ್ಟು ಕೊಂಡುಕೊಂಡ.

ಜನ ಬಿಡುಗಡೆಯಾಗದ ಒಂದು ಆಲ್ಬಮ್ಮಿಗೆ ಇಷ್ಟು ಬೆಲೆ ಕಟ್ಟುತ್ತಾರೆ ಅಂತ ಊರಿಗೆಲ್ಲ ಗೊತ್ತಾಗಿ ಏಳೆಂಟು ತಿಂಗಳಿಗೆ ಸರಿಯಾಗಿ, ಅದೇ ಮನುಷ್ಯ ನೂರಕ್ಕೂ ಮಿಕ್ಕಿ ಟ್ರ್ಯಾಕುಗಳನ್ನು ಬೀದಿಯಲ್ಲಿ ಸುರಿದುಬಿಟ್ಟ. ಮುಂದೆ ಅವುಗಳ ಸಂಖ್ಯೆ ಇನ್ನೂರೈವತ್ತು ದಾಟಿತು. ಹರಾಜು ಹಾಕಿಕೊಂಡೇ ಒಂದು ಜನ್ಮ ಕಳೆಯಬಹುದಿತ್ತು, ಪುಣ್ಯಾತ್ಮ!

ಅವನು ಮೊದಲಿನಿಂದಲೂ ಇಂಥ ಧಾರಾಳಿಯೇನಲ್ಲ. 2001ರ 'ಡ್ರಕ್ಸ್' ಆಲ್ಬಮ್ ಬಗ್ಗೆ ಅವನೇ ಹೇಳಿಕೊಂಡ ಕತೆ ಕೇಳಿ. ಬಿಡುಗಡೆಯಾಗದ ಟ್ರ್ಯಾಕುಗಳನ್ನು ತುಂಬಿಕೊಂಡಿದ್ದ ಪ್ಲೇಯರನ್ನು ವಿಮಾನದಲ್ಲಿ ಮರೆತು ಇಳಿದುಬಿಟ್ಟನಂತೆ. ಸಿಕ್ಕವರು ಇಂಟರ್ನೆಟ್ಟಿಗೆ ಹಾಕಿಬಿಟ್ಟರೆ ಗತಿಯೇನು ಅಂತ ಹೆದರಿ, ತಾನೇ ಎರಡು ಸೀಡಿ ತುಂಬಾ ಸಂಗೀತ ಹೊರತಂದನಂತೆ. ಆಗ ಸೋರಿಹೋದೀತು ಅಂತ ಹೆದರಿಕೆ. ಹದಿನಾಲ್ಕು ವರ್ಷ ಆದಮೇಲೆ ತಾನೇ ನಲ್ಲಿ ತಿರುಗಿಸಿದ. ಕಾರಣ ಕೇಳಿದರೆ ಅವನು ಹೇಳಿದ್ದು ಬಹಳ ಸಾದಾ: ನಾಳೆ ತಾನು ಸತ್ತರೆ ಈ ರಾಶಿಯನ್ನು ಏನು ಮಾಡೋದು ಅನ್ನೋ ತಲೆನೋವು ಹೆಂಡತಿ ಮಕ್ಕಳಿಗೆ ಬರಬಾರದು. ಸತ್ತ ಕಲಾವಿದರ ಡ್ರಾಯರುಗಳನ್ನು ಕಂಪನಿಗಳು ಹೇಗೆ ಕೆದಕುತ್ತವೆ ಅಂತ ನೋಡಿದವರಿಗೆ ಈ ಮಾತು ಉಡಾಫೆಯಾಗಿ ಕೇಳಿಸೋದಿಲ್ಲ.

ಹಾಗೆ ನೋಡಿದರೆ 'ಮುಗಿದ ಸಂಗೀತ' ಅನ್ನೋ ಮಾತೇ ಅರ್ಧ ಪ್ಲೇಟಿನ ವ್ಯಾಪಾರದಿಂದ ಬಂದದ್ದು ಅಂತ ನನಗನ್ನಿಸುತ್ತೆ. ಪ್ಲೇಟು ಒತ್ತೋದಕ್ಕೆ ದುಡ್ಡು ಬೇಕು, ಒತ್ತಿದ ಮೇಲೆ ತಿದ್ದೋ ಹಾಗಿಲ್ಲ. ಆದ್ದರಿಂದ ಎಲ್ಲೋ ಒಂದು ಕಡೆ "ಆಯ್ತು, ಮುಗೀತು" ಅನ್ನಲೇಬೇಕು. ಕಂಪ್ಯೂಟರಿನಲ್ಲಿ ಹುಟ್ಟುವ ಸಂಗೀತಕ್ಕೆ ಈ ಕಟ್ಟುಪಾಡಿಲ್ಲ. ಇದನ್ನು ಎಲ್ಲರಿಗಿಂತ ಮೊದಲು ಕಂಡುಕೊಂಡವರು ಅಮಿಗಾ ಕಂಪ್ಯೂಟರಿನ ಹುಡುಗರು.

1987ರಲ್ಲಿ ಜರ್ಮನಿಯ ಕಾರ್ಸ್ಟನ್ ಒಬಾರ್ಸ್ಕಿ ಅಮಿಗಾಕ್ಕೆ 'ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್' ಅನ್ನೋ ತಂತ್ರಾಂಶ ಬರೆದ. ನಾಲ್ಕೇ ಚಾನೆಲ್ಲು, ಹದಿನೈದು ವಾದ್ಯಗಳ ಸದ್ದು. ಪರದೆಯ ಮೇಲೆ ಸ್ವರಗಳು ಮೇಲಿಂದ ಕೆಳಕ್ಕೆ ಲೆಕ್ಕಪುಸ್ತಕದ ಸಾಲುಗಳ ಹಾಗೆ ಇಳಿಯುತ್ತವೆ. ಅಂಗಡಿಯಲ್ಲಿ ಅದು ಅಷ್ಟೇನೂ ಓಡಲಿಲ್ಲ. ಆದರೆ ಹುಡುಗರು ಅದನ್ನು ಬಿಚ್ಚಿ, ತಿದ್ದಿ, ನಾಯ್ಸ್‌ಟ್ರ್ಯಾಕರ್, ಪ್ರೋಟ್ರ್ಯಾಕರ್ ಅಂತೆಲ್ಲ ಹೊಸ ಅವತಾರ ಎತ್ತಿಸಿದರು. ಅದರ ಫೈಲಿಗೆ 'ಮಾಡ್' ಅಂತ ಹೆಸರು.

ಈ ಮಾಡ್ ಫೈಲಿನ ಗುಟ್ಟೇನು ಅಂದರೆ, ಅದರಲ್ಲಿ ಗುಟ್ಟೇ ಇಲ್ಲ. ಎಂಪಿ3 ಫೈಲು ಬೆಂದ ಅಡುಗೆ, ತಿನ್ನಬಹುದು ಅಷ್ಟೇ. ಮಾಡ್ ಫೈಲಿನಲ್ಲಿ ವಾದ್ಯದ ಸದ್ದುಗಳೂ ಇವೆ, ಯಾವ ಸ್ವರ ಯಾವಾಗ ನುಡಿಯಬೇಕು ಅನ್ನೋ ಪಟ್ಟಿಯೂ ಇದೆ. ಟ್ರ್ಯಾಕರಿನಲ್ಲಿ ತೆರೆದರೆ ಮಾಡಿದವನ ಅಡುಗೆಮನೆಗೇ ನುಗ್ಗಿದ ಹಾಗೆ! ಡೋಲಿನ ಸದ್ದು ಎತ್ತಿಕೊಳ್ಳಬಹುದು, ಎರಡನೇ ಚಾನೆಲ್ಲು ಮುಚ್ಚಿ ನೋಡಬಹುದು, ಅವನು ನಿಲ್ಲಿಸಿದಲ್ಲಿಂದ ನೀವು ಮುಂದುವರಿಸಬಹುದು. ಪ್ರತಿ ಸದ್ದಿಗೂ ಹೆಸರು ಬರೆಯೋದಕ್ಕೆ 22 ಅಕ್ಷರದ ಜಾಗ ಇತ್ತು. ಅಲ್ಲಿ ವಾದ್ಯದ ಹೆಸರು ಬರೆಯುವ ಬದಲು ಗೆಳೆಯರಿಗೆ ನಮಸ್ಕಾರ, ತಮ್ಮ ವಿಳಾಸ, ಕದಿಯಬೇಡಿ ಅನ್ನೋ ಎಚ್ಚರಿಕೆ, ಏನೇನೋ ಬರೆದಿರುತ್ತಿದ್ದರು. ಈ ಫೈಲುಗಳು ಅಂಚೆಯಲ್ಲಿ ಫ್ಲಾಪಿಗಳಾಗಿ, ಮೋಡೆಮ್ಮಿನ ಮೂಲಕ ಬುಲೆಟಿನ್ ಬೋರ್ಡುಗಳಾಗಿ ಯುರೋಪು ಪೂರ್ತಿ ಸುತ್ತಿದವು. ದುಡ್ಡಿನ ಮಾತೇ ಇಲ್ಲ. ಟ್ರ್ಯಾಕರ್ ಬಗೆಯ ತಂತ್ರಾಂಶವನ್ನು ಜೇಮ್ಸ್ ಕೂಡ ಬಳಸಿದವನೇ.

ಆದರೂ ಜೇಮ್ಸ್ ಸುರಿದದ್ದು ಬೆಂದ ಅಡುಗೆಯನ್ನೇ ಅನ್ನೋದು ನನ್ನ ಸಣ್ಣ ತಕರಾರು. ಕೇಳಬಹುದು, ಬಿಚ್ಚಿ ನೋಡೋ ಹಾಗಿಲ್ಲ. ಈ ವಿಷಯದಲ್ಲಿ ಅಮೆರಿಕದ 'ನೈನ್ ಇಂಚ್ ನೇಲ್ಸ್'ನ ಟ್ರೆಂಟ್ ರೆಜ್ನರ್ ಒಂದು ಹೆಜ್ಜೆ ಮುಂದೆ. 2005ರಲ್ಲಿ 'ದ ಹ್ಯಾಂಡ್ ದಟ್ ಫೀಡ್ಸ್' ಹಾಡನ್ನು ಆಪಲ್‌ನ ಗ್ಯಾರೇಜ್‌ಬ್ಯಾಂಡ್ ಫೈಲಾಗಿ ಕೊಟ್ಟ. ದನಿ ಬೇರೆ, ಗಿಟಾರು ಬೇರೆ, ಡ್ರಮ್ಮು ಬೇರೆ. 2008ರ ಮಾರ್ಚಿನಲ್ಲಿ 'ಘೋಸ್ಟ್ಸ್ 1–4' ಬಂತು. ಹತ್ತು ವಾರದಲ್ಲಿ, ಮೊದಲೇ ಹೀಗೇ ಅಂತ ಗೊತ್ತುಮಾಡಿಕೊಳ್ಳದೆ ಕೂತು ನುಡಿಸಿದ 36 ತುಣುಕುಗಳು. ಮಾತಿಲ್ಲ, ಹೆಸರೂ ಇಲ್ಲ, ಬರೀ ನಂಬರು. ಮೊದಲ ಒಂಬತ್ತು ಪುಕ್ಕಟೆ, ಟೊರೆಂಟಿಗೂ ಅವರೇ ಏರಿಸಿದರು. ಪೂರ್ತಿ ಬೇಕಾದರೆ 5 ಡಾಲರ್. ಮುಖ್ಯ ಅಂದರೆ, ಮೂವತ್ತಾರಕ್ಕೂ ಕ್ರಿಯೇಟಿವ್ ಕಾಮನ್ಸ್ ಪರವಾನಗಿ: ತಗೊಳ್ಳಿ, ಹಂಚಿ, ಬದಲಾಯಿಸಿ, ವ್ಯಾಪಾರ ಮಾತ್ರ ಮಾಡಬೇಡಿ. ಪುಕ್ಕಟೆ ಕೊಟ್ಟು ಹಾಳಾದ ಅಂದುಕೊಳ್ಳಬೇಡಿ, ಮೊದಲ ವಾರವೇ ಸುಮಾರು 16 ಲಕ್ಷ ಡಾಲರ್ ಬಂತು. ಅದರಲ್ಲಿ 300 ಡಾಲರಿನ 2,500 ವಿಶೇಷ ಪೆಟ್ಟಿಗೆಗಳೂ ಸೇರಿದ್ದವು.

ಈಗ ಮಜಾ ನೋಡಿ. ಹತ್ತು ವರ್ಷ ಆದಮೇಲೆ ನೆದರ್ಲೆಂಡ್ಸಿನ ಯಂಗ್‌ಕಿಯೋ ಅನ್ನೋ ಹುಡುಗನಿಗೆ ಅದರಲ್ಲಿನ 34ನೇ ತುಣುಕು ಕಿವಿಗೆ ಬಿತ್ತು. ಅದರ ತಂತಿ ಮೀಟಿದ ಸದ್ದು ಎತ್ತಿಕೊಂಡು, ಕೆಳಗೆ ಡ್ರಮ್ಮು ಸೇರಿಸಿ ಒಂದು ಬೀಟು ಮಾಡಿ ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟ. ಅಟ್ಲಾಂಟಾದ ಲಿಲ್ ನ್ಯಾಸ್ ಎಕ್ಸ್ 30 ಡಾಲರಿಗೆ ಕೊಂಡ. ಅದೇ 'ಓಲ್ಡ್ ಟೌನ್ ರೋಡ್'! 2019ರಲ್ಲಿ ಬಿಲ್‌ಬೋರ್ಡ್ ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನ. ವ್ಯಾಪಾರ ಬೇಡ ಅಂದಿದ್ದ ತುಣುಕಾದ್ದರಿಂದ ಒಪ್ಪಿಗೆಯನ್ನು ಆಮೇಲೆ ಪಡೆಯಬೇಕಾಯಿತು. ರೆಜ್ನರ್ ಮತ್ತು ಜೊತೆಗಾರ ಆಟಿಕಸ್ ರಾಸ್ ಹೆಸರು ಹಾಡಿನ ರಚನೆಕಾರರ ಪಟ್ಟಿಗೆ ಸೇರಿತು. ನಂಬರು ಬಿಟ್ಟು ಹೆಸರೂ ಇಲ್ಲದ ತುಣುಕು, ಅದನ್ನು ಮಾಡಿದವರು ಕನಸಿನಲ್ಲೂ ನೆನೆಯದ ಕಡೆ ಹೋಗಿ ಪೂರ್ತಿಯಾಯಿತು.

ಹೊರಗೆ ಬಿಡದೆ ಇಟ್ಟುಕೊಂಡರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ದೇಶದಲ್ಲೇ ಒಂದು ಉದಾಹರಣೆ ಇದೆ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ (ಎನ್‌ಐಡಿ) ಮೂಗ್ ಸಿಂಥಸೈಜರ್ ಬಂತು. ಅಮೆರಿಕದ ಡೇವಿಡ್ ಟ್ಯೂಡರ್ ಬಂದು ಸ್ಟುಡಿಯೋ ಕಟ್ಟಿಕೊಟ್ಟರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಐ.ಎಸ್. ಮಾಥುರ್, ಎಸ್.ಸಿ. ಶರ್ಮಾ, ಜಿನರಾಜ್ ಜೋಶಿಪುರ ಮೊದಲಾದವರು 1972ರವರೆಗೆ ಅದರಲ್ಲಿ ಪ್ರಯೋಗ ಮಾಡಿದರು. ಆಮೇಲೆ ಟೇಪುಗಳು ಸಂಸ್ಥೆಯ ಸಂಗ್ರಹ ಸೇರಿ ಮರೆತೇಹೋದವು. ಬ್ರಿಟನ್ನಿನ ಪಾಲ್ ಪರ್ಗಸ್ ಅವನ್ನು ಹುಡುಕಿ ತೆಗೆದು, ಆಯ್ದ ಭಾಗ ಆಲ್ಬಮ್ ಆಗಿ ಬಂದದ್ದು 2023ರಲ್ಲಿ. ಐವತ್ತು ವರ್ಷ! ಆ ಟೇಪುಗಳು 1972ರಲ್ಲೇ ನಾಲ್ಕು ಜನರ ಕೈಗೆ ಸಿಕ್ಕಿದ್ದರೆ ಅಂತ ಯೋಚಿಸಿದರೆ ಹೊಟ್ಟೆ ಚುರ್ ಅನ್ನುತ್ತೆ.

ಹಾಗಂತ ಪುಕ್ಕಟೆ ತಾಣಕ್ಕೆ ಏರಿಸಿಬಿಟ್ಟರೆ ಉಳಿಯುತ್ತೆ ಅನ್ನೋ ಗ್ಯಾರಂಟಿಯೂ ಇಲ್ಲ. ಸೌಂಡ್‌ಕ್ಲೌಡ್‌ಗೂ ಮುಂಚೆ ಹೊಸ ಹುಡುಗರೆಲ್ಲ ತಮ್ಮ ಡೆಮೋಗಳನ್ನು ಹಾಕುತ್ತಿದ್ದದ್ದು ಮೈಸ್ಪೇಸಿಗೆ. 2003ರಿಂದ 2015ರವರೆಗೆ ಜನ ಏರಿಸಿದ ಸಂಗೀತವೆಲ್ಲ ಸರ್ವರ್ ಬದಲಾಯಿಸುವಾಗ ಹೋಯಿತು ಅಂತ 2019ರ ಮಾರ್ಚಿನಲ್ಲಿ ಸುದ್ದಿಯಾಯಿತು. ಅಂದಾಜು 5 ಕೋಟಿ ಹಾಡು, 1 ಕೋಟಿ 40 ಲಕ್ಷ ಕಲಾವಿದರದ್ದು. ಅವುಗಳಲ್ಲಿ ಎಷ್ಟಕ್ಕೆ ಬೇರೆಲ್ಲೂ ಪ್ರತಿಯೇ ಇರಲಿಲ್ಲವೋ! (ಪುಕ್ಕಟೆ ತಾಣದಲ್ಲಿ ಬ್ಲಾಗು ಇಟ್ಟುಕೊಂಡಿರುವ ನಾವು ಈ ಪ್ಯಾರಾ ಇನ್ನೊಂದು ಸಲ ಓದಿಕೊಳ್ಳೋದು ಒಳ್ಳೇದು. ಬ್ಯಾಕಪ್ ತಗೊಂಡು ಎಷ್ಟು ದಿನ ಆಯ್ತು?)

ಮುಂದಿನ ತಿಂಗಳೇ ಸ್ವಲ್ಪ ಸಿಕ್ಕಿತು. 2008–2010ರ ಸುಮಾರಿಗೆ ಯಾರೋ ಸಂಶೋಧಕರು ತಮ್ಮ ಅಧ್ಯಯನಕ್ಕೆ ಅಂತ ಇಳಿಸಿಟ್ಟುಕೊಂಡಿದ್ದ 4 ಲಕ್ಷ 90 ಸಾವಿರ ಎಂಪಿ3ಗಳು ಇಂಟರ್ನೆಟ್ ಆರ್ಕೈವ್ ಸೇರಿದವು. ಹೋದದ್ದರಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ. ಅಲ್ಲಿಗೆ ಹೋದರೆ ಒಂದು ಸಂಜೆ ಪೂರ್ತಿ ಕಳೆಯಬಹುದು. ಜೇಮ್ಸನ ರಾಶಿಯಿಂದ ಶುರುಮಾಡೋದಾದರೆ ರಾತ್ರಿ ಎಲ್ಲ ಮಲಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡು, 'ಇನ್ನೂ ನಿಧಾನ' ಅಂತ ಗುರುತು ಹಾಕಿರೋದನ್ನು ಮೊದಲು ಕೇಳಿ.